ಕೆಂಪು ಕಿಟಕಿಯ ಅಂಕಿ

ಮಾರ್ಚ್ 3, ಸೋಮವಾರ

ಫಿಲ್ಮು ತೊಳೆಯುವ ಟ್ಯಾಂಕ್ ಶುಚಿ ಮಾಡಿದೆ. ಫಿಕ್ಸರ್ ದ್ರಾವಣ ಸತ್ತುಹೋಗಿತ್ತು, ಚೆಲ್ಲಿ ಹೊಸದು ಕಲಸಿದೆ. ಕೈ ಒರೆಸಿಕೊಳ್ಳುತ್ತಿರುವಾಗಲೇ ಪಾರ್ಸೆಲ್ ಬಂತು. ಹೊಸ ಕಪ್ಪು-ಬಿಳುಪು ಫಿಲ್ಮು. ಅಗಲದ ರೋಲು, ಬೆನ್ನಿಗೆ ಕಾಗದ ಅಂಟಿದ್ದು. ಕಂಪನಿ ಎಷ್ಟು ಸಣ್ಣದೆಂದರೆ ಡಬ್ಬಿಗೆ ಇನ್ನೂ ಹೆಸರೂ ಅಚ್ಚಾಗಿಲ್ಲ.

“ನಿಮ್ಮ ತಂದೆ ಕಾಲದ ಕ್ಯಾಮರಾಗಳಲ್ಲಿ ಹಾಕಿ ನೋಡಿ ಮೇಡಂ. ಮುಖಗಳು ಹೇಗೆ ಬರತ್ವೆ ಅಂತ ಬೇಕು ನಮಗೆ,” ಎಂದು ಕಂಪನಿಯ ಹೆಂಗಸು ಫೋನಿನಲ್ಲಿ ಹೇಳಿದ್ದಳು. ಚೆನ್ನಾಗಿ ಬಂದರೆ ಇನ್ನು ಮುಂದೆ ಅವರ ಪರೀಕ್ಷೆಯ ಕೆಲಸವೆಲ್ಲ ನಮ್ಮ ಸ್ಟುಡಿಯೋಗೆ. ಬಾರದಿದ್ದರೆ ಬಾಗಿಲು ಹಾಕುವುದೇ. ಪಾಸ್‌ಪೋರ್ಟ್ ಫೋಟೋಗೂ ಈಗ ಯಾರೂ ಮೆಟ್ಟಿಲು ಹತ್ತುವುದಿಲ್ಲ.

ಹೊಸದು ಎಂದರೆ ನನಗೆ ಮೊದಲಿನಿಂದಲೂ ಗುಮಾನಿ. ರೋಲನ್ನು ಮೂಸಿ ನೋಡಿದೆ.

“ಏನೇ ಇಲಿ, ಮೂಸ್ತಿದೀಯಾ? ತಿನ್ನೋದಲ್ಲ ಕಣೇ ಅದು,” ಅಂದಳು ಅಕ್ಕ. ಕತ್ತಲೆ ಕೋಣೆಯಲ್ಲೇ ಇರುತ್ತೇನೆಂದು ನಾನು ಅವಳಿಗೆ ಇಲಿ. ಚಿತ್ರ ತೆಗೆಯುವುದು ಅವಳು, ಫಿಲ್ಮು ತೊಳೆಯುವುದು ನಾನು — ಅಪ್ಪ ಇದ್ದಾಗಿನಿಂದ ಹೀಗೇ. ಎದುರಿಗೆ ಮುಖ ಕಂಡರೆ ನನಗೆ ಕೈ ನಡುಗುತ್ತದೆ. ನೆಗೆಟಿವಿನಲ್ಲಿ ಕಂಡರೆ ತೊಂದರೆಯಿಲ್ಲ.


ಮಾರ್ಚ್ 4, ಮಂಗಳವಾರ

ಮೂರು ಕ್ಯಾಮರಾ ಹೊರಗೆ ತೆಗೆದೆವು. ‘ಡಬ್ಬಿ’ — ಹೆಸರಿಗೆ ತಕ್ಕ ಹಾಗೆ ಬರೀ ಡಬ್ಬಿ, ಫೋಕಸ್ ಮಾಡುವ ಗೋಜೇ ಇಲ್ಲ. ‘ಜೋಡಿಗಣ್ಣು’ — ಮೇಲೊಂದು ಕೆಳಗೊಂದು ಲೆನ್ಸು, ಮೇಲಿನಿಂದ ಗಾಜಿನಲ್ಲಿ ನೋಡಿ ಫೋಕಸ್ ಮಾಡಬೇಕು. ಆಮೇಲೆ ‘ಮುದುಕಿ’. ಮಡಚಿ ಜೇಬಿಗೆ ಹಾಕುವಂಥದ್ದು, ತೆರೆದರೆ ತಿದಿಯಂಥ ಬೆಲ್ಲೋಸ್ ಮುಂದಕ್ಕೆ ಬರುತ್ತದೆ. ಅದರಲ್ಲಿ ದೂರವನ್ನು ಅಂದಾಜು ಮಾಡಿ ಲೆನ್ಸಿನ ಉಂಗುರ ತಿರುಗಿಸಬೇಕು, ಅಷ್ಟೇ. ಅಕ್ಕನ ಕಣ್ಣಳತೆ ಊರಿಗೆಲ್ಲ ಗೊತ್ತು. ಮುದುಕಿಯ ಮೈಮೇಲೆ ಒಂದು ಗೀರೂ ಇಲ್ಲ. ಅಪ್ಪ ಮಕ್ಕಳನ್ನಾದರೂ ಬೈಯುತ್ತಿದ್ದರು, ಅದನ್ನು ಗದರಿದವರಲ್ಲ.

ಬಂದಿರುವುದು ಏಳು ರೋಲು. ಒಂದು ಹೆಚ್ಚಿಗೆ ಇರಲಿ; ಒಂದೊಂದು ಕ್ಯಾಮರಾಕ್ಕೆ ಎರಡು. ಒಂದು ನನ್ನದು — ಗೋಡೆ, ಗಡಿಯಾರ, ಕಿಟಕಿಯಲ್ಲಿ ಇಟ್ಟ ಸೀಸೆಗಳು. ಇನ್ನೊಂದು ಅಕ್ಕನದು — ಜನ.

ಮಧ್ಯಾಹ್ನ ಕತ್ತಲೆ ಕೋಣೆಯಿಂದ ಹೊರಬಂದರೆ ಅಂಗಡಿಯಲ್ಲೆಲ್ಲ ಅತ್ತರಿನ ವಾಸನೆ. ಹಳೆ ಸಾಮಾನಿನ ವ್ಯಾಪಾರಿ ಬಂದುಹೋಗಿದ್ದಾನೆ. ನಮ್ಮಲ್ಲಿ ಅವನ ಹೆಸರೇ ಅತ್ತರು. ಮುದುಕಿಯ ಮೇಲೆ ಅವನಿಗೆ ಎಂದಿನಿಂದಲೋ ಕಣ್ಣು. “ಅತ್ತರು ಯಾಕೆ ಬಂದಿದ್ದ?” ಅಂದೆ. “ಸುಮ್ನೆ,” ಅಂದಳು ಅಕ್ಕ. ನನ್ನ ಮುಖ ನೋಡಲಿಲ್ಲ.


ಮಾರ್ಚ್ 7, ಶುಕ್ರವಾರ

ನನ್ನ ರೋಲುಗಳು ತೊಳೆದಾಯಿತು. ಒಪ್ಪಿಕೊಳ್ಳಬೇಕು — ಫಿಲ್ಮು ಒಳ್ಳೆಯದೇ. ಕಪ್ಪು ಎಂದರೆ ಕಪ್ಪು. ಸೀಸೆಯ ಕತ್ತಿನ ಹತ್ತಿರ ಬಿಳುಪಿನಲ್ಲೂ ಏನೋ ಉಳಿದಿದೆ, ಸುಟ್ಟುಹೋಗಿಲ್ಲ. ಒಣಗಿದಾಗ ಸ್ವಲ್ಪ ಸುರುಳಿ ಸುತ್ತಿಕೊಳ್ಳುತ್ತದೆ, ಅದೊಂದೇ ಹಟ.

ಬೆನ್ನಿನ ಕಾಗದದ ಮೇಲಿನ ಅಂಕಿಗಳು ಮಾತ್ರ ತೀರಾ ತೆಳು. ಯಾವ ಪುಣ್ಯಾತ್ಮ ಅಚ್ಚು ಹಾಕಿದನೋ.

ಅಕ್ಕ ಜೋಡಿಗಣ್ಣಿನ ರೋಲು ತಂದುಕೊಟ್ಟಳು. ಟ್ಯಾಂಕಿನಲ್ಲಿದೆ.

ಸಂಜೆ — ಎಲ್ಲವೂ ಮಸುಕು. ಒಂದಾದರೂ ನೆಟ್ಟಗಿಲ್ಲ. ತರಕಾರಿಯವಳ ಮುಖ ಮಂಜಿನಲ್ಲಿ ಅದ್ದಿ ತೆಗೆದ ಹಾಗಿದೆ. ಅಕ್ಕ ತೆಗೆದ ಚಿತ್ರ ಮಸುಕಾಗಿದ್ದನ್ನು ನಾನು ನೋಡೇ ಇಲ್ಲ.

“ಲೆನ್ಸು ಸಡಿಲ ಆಗಿರ್ಬೇಕು ನೋಡು,” ಅಂದಳು. ಬಿಚ್ಚಿ ನೋಡಿದೆ. ಸಡಿಲ ಆಗಿಲ್ಲ.


ಮಾರ್ಚ್ 8, ಶನಿವಾರ

ಡಬ್ಬಿಯ ರೋಲು. ಇದರಲ್ಲಿ ಮುಖಗಳು ಸ್ಪಷ್ಟ. ಆದರೆ ಪ್ರತಿ ನೆಗೆಟಿವಿನ ಮೇಲೂ ಒಂದು ಕಪ್ಪು ವೃತ್ತ, ಬೆರಳುಗುರಿನಷ್ಟು. ಲೂಪ್ — ಕಣ್ಣಿಗೆ ಹಿಡಿಯುವ ಭೂತಗನ್ನಡಿ — ಹಿಡಿದು ನೋಡಿದೆ. ವೃತ್ತದೊಳಗೆ ಅಂಕಿಯ ನೆರಳು — ಒಂದನೆಯ ಚಿತ್ರದಲ್ಲಿ ಒಂದು, ಎರಡನೆಯದರಲ್ಲಿ ಎರಡು.

ಇದು ಫಿಲ್ಮಿನ ತಪ್ಪಲ್ಲ. ಡಬ್ಬಿ, ಮುದುಕಿ ಎರಡರ ಬೆನ್ನಿನಲ್ಲೂ ಸಣ್ಣದೊಂದು ಕೆಂಪು ಗಾಜಿದೆ, ಕೆಂಪು ಕಿಟಕಿ ಅನ್ನುತ್ತೇವೆ. ಜೋಡಿಗಣ್ಣಿಗೆ ಅದು ಬೇಡ, ತಾನೇ ಎಣಿಸುತ್ತದೆ. ಕಾಗದದ ಮೇಲಿನ ಅಂಕಿ ಅದರಲ್ಲಿ ಕಾಣುತ್ತದೆ. ಒಂದು ಚಿತ್ರ ತೆಗೆದ ಮೇಲೆ ಮುಂದಿನ ಅಂಕಿ ಬರುವವರೆಗೆ ಫಿಲ್ಮು ಸುತ್ತಬೇಕು — ನೆರಳಿನಲ್ಲಿ, ಮೈಗೆ ಒತ್ತಿಕೊಂಡು, ಬೇಗ. ಬಿಸಿಲಿಗೆ ಹಿಡಿದರೆ ಬೆಳಕು ಕಾಗದ ದಾಟಿ ಫಿಲ್ಮಿಗೆ ಕಲೆ ಹತ್ತುತ್ತದೆ. ಅಪ್ಪ ನಮಗೆ ಮೊದಲ ದಿನವೇ ತಲೆಗೆ ಮೊಟಕಿ ಕಲಿಸಿದ ಪಾಠ. ಅಕ್ಕ ನಿದ್ದೆಯಲ್ಲೂ ತಪ್ಪುವವಳಲ್ಲ.

ತಪ್ಪದವಳು ತಪ್ಪಿದರೆ ಅದಕ್ಕೆ ಏನೆನ್ನಬೇಕು?

ಕೇಳಿದೆ. “ಹೊಸ ಫಿಲ್ಮು ಅಲ್ವಾ, ಹಾಗೇ ಇರ್ಬೇಕು,” ಅಂದಳು. “ನನ್ನ ರೋಲಲ್ಲಿ ಇಲ್ವಲ್ಲ?” ಅಂದೆ. “ನಿನ್ನದು ಗೋಡೆ ಕಣೇ. ಗೋಡೆಗೇನು ಅವಸರ?” ನಗುತ್ತ ಒಳಗೆ ಹೋದಳು. ನನ್ನ ಕಿವಿಗೆ ಹೂವಿಡುತ್ತಿದ್ದಾಳೆ.


ಮಾರ್ಚ್ 10, ಸೋಮವಾರ

ಮತ್ತೆ ಅತ್ತರು. ಈ ಸಲ ಕತ್ತಲೆ ಕೋಣೆಯ ಬಾಗಿಲಿಗೆ ಕಿವಿಗೊಟ್ಟೆ. ನಾಚಿಕೆಯಾಯಿತು, ಆದರೂ ಕಿವಿ ತೆಗೆಯಲಿಲ್ಲ.

ಅವನು: “ಅವರು ಒಪ್ತಾರಾ?”

ಅಕ್ಕ: “ಪರೀಕ್ಷೆ ಕೆಟ್ಟರೆ ಒಪ್ಪದೇ ಏನ್ ಮಾಡ್ತಾಳೆ? ಅಲ್ಲೀತನಕ ಅವಳ ಹತ್ರ ಬಾಯಿ ಬಿಡಬೇಡಿ.”

ಡೆವಲಪರ್ ಸೀಸೆ ಕೈಯಿಂದ ಜಾರಿತು. ಹೊರಗೆ ಮಾತು ನಿಂತಿತು.

ಹಾಗಾದರೆ ಲೆಕ್ಕ ಸರಿಹೋಯಿತು. ಮುದುಕಿಯನ್ನು ಮಾರಬೇಕೆಂದರೆ ಪರೀಕ್ಷೆ ಕೆಡಬೇಕು. ಕೆಡಿಸುತ್ತಿರುವವಳು ನನ್ನ ಒಡಹುಟ್ಟಿದವಳು. ಬಾಳೆಹಣ್ಣು ಸುಲಿದಷ್ಟು ಸುಲಭವಾಗಿ ರೋಲಿನ ಮೇಲೆ ರೋಲು ಹಾಳು ಮಾಡಿ ನನ್ನ ಕೈಗಿಡುತ್ತಾಳೆ, ನಾನು ತೊಳೆಯುತ್ತೇನೆ.

ಈಚೆಗೆ ಅವಳು ನನ್ನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಿದ್ದಾಳೆ. ಕಿವಿಯ ಕಡೆ ನೋಡುತ್ತಾಳೆ, ಭುಜದ ಕಡೆ ನೋಡುತ್ತಾಳೆ. ಮನಸ್ಸಿನಲ್ಲಿ ಕಳ್ಳತನ ಇದ್ದವರು ಹಾಗೇ.


ಮಾರ್ಚ್ 11, ಮಂಗಳವಾರ

ಮೈಯೆಲ್ಲ ಕಣ್ಣಾಗಿ ನೋಡುತ್ತಿದ್ದೇನೆ. ಪಟ್ಟಿ ದೊಡ್ಡದಾಗುತ್ತಿದೆ. ಗಿರಾಕಿಯ ರಸೀದಿ ನನ್ನ ಕೈಗೆ ಕೊಟ್ಟು “ನೀನೇ ಬರಿ, ನನ್ನ ಕೈ ಒದ್ದೆ” ಅಂದಳು. ಕೈ ಒಣಗಿತ್ತು. ಪೇಪರ್ ಓದುವುದಿಲ್ಲ, “ಬರೀ ಸುಳ್ಳು” ಅನ್ನುತ್ತಾಳೆ. ಟೀ ಬಗ್ಗಿಸುವಾಗ ಲೋಟದೊಳಗೆ ಬೆರಳಿಟ್ಟುಕೊಳ್ಳುತ್ತಾಳೆ, ಕೊಳಕಿ. ಮನಸ್ಸು ಇಲ್ಲಿಲ್ಲ. ಅತ್ತರಿನ ಅಂಗಡಿಯಲ್ಲಿದೆ.

ನಾಳಿದ್ದು ಮುದುಕಿಯನ್ನು ಹೊರಗೆ ಒಯ್ಯುತ್ತಾಳಂತೆ. ಬಸ್ ಸ್ಟಾಪಿನ ಹತ್ತಿರದ ಬೀಗ ರಿಪೇರಿಯವನ ಚಿತ್ರ ತೆಗೆಯಲು. “ನಾನೂ ಬರ್ತೀನಿ,” ಅಂದೆ. “ನೀನ್ಯಾಕೆ? ಬೆಳಕಿಗೆ ಬಂದ್ರೆ ಕರಗಿಹೋಗ್ತೀಯ,” ಅಂದಳು.

ಹೋಗುತ್ತೇನೆ. ಹೇಳದೆ ಹೋಗುತ್ತೇನೆ.


ಮಾರ್ಚ್ 13, ಗುರುವಾರ

ಹೋದೆ. ಬಸ್ ಸ್ಟಾಪಿನ ಕಂಬದ ಹಿಂದೆ ನಿಂತಿದ್ದೆ.

ಬೀಗದವನು ಅರದಲ್ಲಿ ಬೀಗದ ಕೈ ಉಜ್ಜುತ್ತಿದ್ದ. ಅಕ್ಕ ಅವನ ಹತ್ತಿರ ಏನೋ ಹರಟಿ ನಗಿಸಿದಳು. ಒಂದು ಚಿತ್ರ ತೆಗೆದಳು. ಆಮೇಲೆ ನಾಲ್ಕು ಹೆಜ್ಜೆ ಈಚೆ ಬಂದು, ನೆರಳು ಬಿಟ್ಟು, ಬೇಕೆಂದೇ ಬಿಸಿಲಿಗೆ ಬಂದು ನಿಂತಳು. ಮುದುಕಿಯ ಬೆನ್ನು ಸೂರ್ಯನಿಗೆ ತಿರುಗಿಸಿದಳು. ಸಿಕ್ಕಿಬಿದ್ದಳು! ಅಂದುಕೊಂಡೆ. ಇನ್ನೇನು ಹೋಗಿ ಕೈ ಹಿಡಿಯಬೇಕು...

ಅವಳು ಕೆಂಪು ಕಿಟಕಿಯನ್ನು ಮೂಗಿಗೆ ತಾಗಿಸಿಕೊಂಡಿದ್ದಳು. ಕತ್ತು ಓರೆ ಮಾಡಿದಳು. ಇನ್ನೊಂದು ಕಡೆಗೆ ಓರೆ ಮಾಡಿದಳು, ಕೋಳಿ ಕಾಳು ನೋಡುವ ಹಾಗೆ. ಒಂದಿಷ್ಟು ಸುತ್ತಿದಳು. ಮತ್ತೆ ಬಿಸಿಲಿಗೆ ಎತ್ತಿ ಹಿಡಿದಳು. ತುಟಿ ಅಲುಗುತ್ತಿತ್ತು. ಹಾಳು ಮಾಡುವವರು ಇಷ್ಟು ಕಷ್ಟಪಡುವುದಿಲ್ಲ. ಅಂಕಿಯನ್ನು ಹುಡುಕುತ್ತಿದ್ದಳು. ಅಂಕಿ ಅವಳಿಗೆ ಕಾಣುತ್ತಿರಲಿಲ್ಲ.

ಕಂಬದ ಹಿಂದಿನಿಂದ ಯಾವಾಗ ಈಚೆ ಬಂದೆನೋ ಗೊತ್ತಿಲ್ಲ. ದಾರಿಗೆ ಅಡ್ಡ ನಿಂತಿದ್ದೆ. ಅಕ್ಕ ನೇರ ನನ್ನ ಕಡೆಗೇ ಬಂದಳು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನನ್ನ ಕಡೆ ಮುಖ ಮಾಡಿದಳು. ನಕ್ಕಳು — ಗುರುತಿಲ್ಲದವರಿಗೆ ಮರ್ಯಾದೆಗೆ ನಗುವ ಹಾಗೆ.

“ಸ್ವಲ್ಪ ಜಾಗ ಬಿಡ್ತೀರಾ?” ಅಂದಳು.

ಬಿಟ್ಟೆ.


ಮಾರ್ಚ್ 20, ಗುರುವಾರ

ಬರೆಯಲು ಆಗಿರಲಿಲ್ಲ.

ಆ ರೋಲು ತೊಳೆದೆ. ಬೀಗದವನ ಮುಖ ಮಸುಕು, ಮೇಲೆ ಕಪ್ಪು ವೃತ್ತ. ಆದರೆ ಅರ ಹಿಡಿದ ಕೈ, ತಗ್ಗಿಸಿದ ಗದ್ದ, ಹಿಂದೆ ತೂಗುವ ಬೀಗದ ಕೈಗಳ ಗೊಂಚಲು — ಎಲ್ಲ ಎಲ್ಲಿರಬೇಕೋ ಅಲ್ಲೇ. ಇಂಥದ್ದನ್ನು ಹಿಡಿಯಲು ನನಗೆ ಏಳು ಜನ್ಮಕ್ಕೂ ಬರುವುದಿಲ್ಲ. ಸಿಂಕಿನ ಮುಂದೆ ಕೂತು ಅತ್ತೆ. ನಲ್ಲಿ ಬಿಟ್ಟುಕೊಂಡು ಅತ್ತೆ, ಅವಳಿಗೆ ಕೇಳಿಸಬಾರದೆಂದು.

ಅವಳಾಗಿ ಯಾಕೆ ಹೇಳಲಿಲ್ಲ? ನಾನು ಅಷ್ಟು ದೂರದವಳೇ? ದುಃಖದ ಜೊತೆಗೆ ಸಿಟ್ಟೂ ಬರುತ್ತಿದೆ. ಸಿಟ್ಟಿನ ಜೊತೆಗೆ ನಾಚಿಕೆ.

ಕಂಪನಿಯ ಹೆಂಗಸಿಗೆ ಫೋನ್ ಮಾಡಿದೆ. ಫಿಲ್ಮು ಚೆನ್ನಾಗಿದೆ, ಅಂಕಿ ದಪ್ಪಗೆ ಅಚ್ಚು ಹಾಕಿಸಿ, ಕಾಗದ ಇನ್ನೊಂದಿಷ್ಟು ಗಟ್ಟಿ ಇರಲಿ ಅಂದೆ. “ಥ್ಯಾಂಕ್ಸ್ ಮೇಡಂ. ಆದ್ರೆ ಮುಖಗಳು? ತಿಂಗಳ ಕೊನೆಗೆ ನಮಗೆ ಮುಖಗಳು ಬೇಕೇ ಬೇಕು,” ಅಂದಳು. ಕಳಿಸುತ್ತೇವೆ ಅಂದುಬಿಟ್ಟೆ.


ಮಾರ್ಚ್ 21, ಶುಕ್ರವಾರ

ನಾನೇ ಹೋದೆ, ಜೋಡಿಗಣ್ಣು ತೆಗೆದುಕೊಂಡು. ಬೀಗದವನು ತಲೆಯೆತ್ತಿ “ಏನಮ್ಮ?” ಅಂದ. ಕೈ ನಡುಗಿತು. ಏನೂ ತೋಚದೆ ಮನೆಯ ಬೀಗದ ಕೈ ಕೊಟ್ಟು ಇನ್ನೊಂದು ಮಾಡಿಸಿಕೊಂಡು ಬಂದೆ. ಈಗ ನಮ್ಮ ಹತ್ತಿರ ಬೇಕಿಲ್ಲದ ಒಂದು ಬೀಗದ ಕೈ ಇದೆ, ಚಿತ್ರ ಇಲ್ಲ.

ಅಕ್ಕನಿಗೆ ಎರಡು ಸಲ ಟೀ ಮಾಡಿಕೊಟ್ಟೆ. ದಾರಿಯಲ್ಲಿದ್ದ ಸ್ಟೂಲು ಸರಿಸಿದೆ.

“ಏನೇ, ಬೆಣ್ಣೆ ಹಚ್ತಿದೀಯ? ಏನ್ ಬೇಕು ನಿನಗೆ?” ಅಂದಳು. ಈಗ ಗುಮಾನಿ ಅವಳ ಸರದಿ.


ಮಾರ್ಚ್ 24, ಸೋಮವಾರ

ಅಕ್ಕ ಮಲಗಿದ್ದಾಗ ಮಧ್ಯಾಹ್ನ ಕೆಲಸ ಮುಗಿಸಿದೆ.

ಮೊದಲು ಮುದುಕಿಯ ಕೆಂಪು ಕಿಟಕಿಗೆ ಕಪ್ಪು ಟೇಪು. ಹಾಳಾದ ರೋಲಿನ ಕಾಗದ ಹಾಕಿ, ಬೆನ್ನು ತೆರೆದಿಟ್ಟು, ಒಂದೊಂದು ಚಿತ್ರಕ್ಕೆ ಫಿಲ್ಮು ಸುತ್ತುವ ಕೀಲಿ ಎಷ್ಟು ಸುತ್ತು ತಿರುಗಬೇಕೆಂದು ನೋಡಿಕೊಂಡೆ. ಕಿಟಕಿಯೇ ಬೇಡ, ಎಣಿಸಿದರೆ ಸಾಕು.

ಆಮೇಲೆ ಗಟ್ಟಿ ದಾರ ತೆಗೆದು, ಅಳೆದು ಗಂಟು ಹಾಕಿದೆ. ಒಂದು ತುದಿ ಲೆನ್ಸಿನ ಹತ್ತಿರ, ಇನ್ನೊಂದು ಕೂತವರ ಮೂಗಿನ ಹತ್ತಿರ. ಎಷ್ಟನೆಯ ಗಂಟು ಎಂದು ಬೆರಳಿಗೆ ತಿಳಿಯುತ್ತದೆ.

ಕೊನೆಗೆ ಅರ. ಮೊದಲನೆಯ ಗಂಟಿನ ದೂರಕ್ಕೆ ಲೆನ್ಸಿನ ಉಂಗುರದ ಅಂಚಿನಲ್ಲಿ ಒಂದು ಕಚ್ಚು, ಎರಡನೆಯದಕ್ಕೆ ಜೋಡಿ ಕಚ್ಚು, ಮೂರನೆಯದಕ್ಕೆ ಮೂರು. ಹಿತ್ತಾಳೆಯ ಪುಡಿ ಮಡಿಲಿಗೆ ಉದುರಿತು. ಅಪ್ಪ ಇದ್ದಿದ್ದರೆ ಕೈ ಮುರಿಯುತ್ತಿದ್ದರು. ಅತ್ತರು ಇನ್ನು ಇದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಗೊತ್ತಿದ್ದೇ ಉಜ್ಜಿದೆ. ಮೊದಲ ಕಚ್ಚು ಬೀಳುವವರೆಗೆ ಕಷ್ಟ. ಆಮೇಲೆ ಕೈ ತಾನಾಗಿ ಹೋಯಿತು.

ಚೀಲದಲ್ಲಿ ವಾಪಸು ಇಟ್ಟೆ. ಬಾಯಿ ಬಿಟ್ಟು ಹೇಳುವ ಧೈರ್ಯ ಇಲ್ಲ.


ಮಾರ್ಚ್ 26, ಬುಧವಾರ

ಸಿಕ್ಕಿತು ಅವಳಿಗೆ.

“ಇಲ್ಲಿ ಯಾರು ಕೊರೆದಿದ್ದು?” ಎಂದು ಕೂಗಿದಳು. ಹೆಬ್ಬೆರಳು ಉಂಗುರದ ಮೇಲೆ ಹಿಂದೆ ಮುಂದೆ ಓಡಾಡುತ್ತಿತ್ತು.

“ನಾನು.”

“ತಲೆ ಕೆಟ್ಟಿದೆಯಾ ನಿನಗೆ? ಅಪ್ಪಂದು ಇದು!”

ದಾರ ತೆಗೆದು ಅವಳ ಕೈಗಿಟ್ಟೆ. ಗಂಟು ಮುಟ್ಟಿದಳು. ಇನ್ನೊಂದು ಮುಟ್ಟಿದಳು. ಮತ್ತೆ ಉಂಗುರ. ಅವಳ ಮುಖದಲ್ಲಿ ಸಿಟ್ಟು ಇಳಿದುಹೋಗುವುದು ಕಂಡಿತು. ಕುರ್ಚಿ ಹುಡುಕಿ ಕೂತಳು.

“ಯಾವಾಗ ಗೊತ್ತಾಯ್ತು?”

ಬಸ್ ಸ್ಟಾಪಿನ ವಿಷಯ ಹೇಳಿದೆ. ಆಮೇಲೆ ಅವಳೂ ಹೇಳಿದಳು. ಕಣ್ಣಿನ ನೋಟದಲ್ಲಿ ನಡುವಿನದು ಹೋಗುತ್ತಿದೆಯಂತೆ, ಅಂಚಿನದು ಉಳಿಯುತ್ತದಂತೆ — ಡಾಕ್ಟರ ಮಾತು. ಎದುರಿಗಿರುವವರ ಮುಖ ಇರುವ ಕಡೆ ಬರೀ ಬೂದಿ ಬಣ್ಣ. ಕಿವಿಯ ಕಡೆ ನೋಡಿದರೆ ಮುಖ ಸ್ವಲ್ಪ ಸಿಗುತ್ತದೆ. ಅತ್ತರನ್ನು ಕರೆಸಿದ್ದು ಅವಳೇ. “ಕಣ್ಣು ಹೋಯ್ತು ಅನ್ನೋದಕ್ಕಿಂತ ಕ್ಯಾಮರಾ ಮಾರಿದ್ವಿ ಅನ್ನೋದು ಮರ್ಯಾದೆ ಅನ್ನಿಸ್ತು ಕಣೇ.”

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. “ನೀನು ಬೇಕಂತ ರೋಲು ಹಾಳು ಮಾಡ್ತಿದೀಯ ಅಂದ್ಕೊಂಡಿದ್ದೆ,” ಅಂದೆ. ಮನಸ್ಸಿನಲ್ಲಿ ಇಟ್ಟುಕೊಂಡರೆ ಕೊಳೆಯುತ್ತದೆ ಅನ್ನಿಸಿತ್ತು.

ಅಕ್ಕ ಎದ್ದು ನಿಂತಳು. “ಕುರುಡಿ ಅಂದಿದ್ರೂ ತಡ್ಕೋತಿದ್ದೆ. ನಾನು? ಬೇಕಂತ ಚಿತ್ರ ಹಾಳು ಮಾಡ್ತೀನಾ? ಇಷ್ಟು ವರ್ಷ ನಾನು ತೆಗೆದಿದ್ದನ್ನೇ ತೊಳೆದು, ಇಷ್ಟೇನಾ ನಿನಗೆ ಗೊತ್ತಾಗಿದ್ದು?”

ರಾತ್ರಿ ಊಟ ಮಾಡಲಿಲ್ಲ. ನಾನೂ.


ಮಾರ್ಚ್ 28, ಶುಕ್ರವಾರ, ಬೆಳಿಗ್ಗೆ

ನಿನ್ನೆ ಪೂರ್ತಿ ಮಾತಿಲ್ಲ. ಲೋಟ ಇಡುವ ಸದ್ದು, ಬಾಗಿಲ ಸದ್ದು, ಅಷ್ಟೇ. ತಿಂಗಳು ಮುಗಿಯುತ್ತ ಬಂತು. ಒಂದು ರೋಲು ಉಳಿದಿದೆ.

ಈಗ ತಾನೇ ಬಂದು ಕೋಣೆಯ ಬಾಗಿಲು ತಟ್ಟಿದಳು. “ಬಾ. ಕಿಟಕಿ ಹತ್ರ ಕೂತ್ಕೋ.”

“ಯಾಕೆ?”

“ಮುಖ ಬೇಕು ಅಂದಿದಾರಲ್ಲ. ಊರೋರನ್ನ ಹಾಳು ಮಾಡೋಕೆ ಮುಂಚೆ ನಿನ್ನ ಮುಖ ಹಾಳು ಮಾಡ್ತೀನಿ.”

ಕ್ಯಾಮರಾ ಮುಂದೆ ನಾನು ಎಂದೂ ಕೂತವಳಲ್ಲ. ಹೋಗುತ್ತೇನೆ.


ಅದೇ ದಿನ, ಮಧ್ಯಾಹ್ನ

ಕೂತೆ. ಅಕ್ಕ ದಾರದ ತುದಿ ನನ್ನ ಮೂಗಿಗೆ ಮುಟ್ಟಿಸಿ ಎಳೆದು ಹಿಡಿದಳು. ಗಂಟು ಎಣಿಸಿದಳು. ಉಂಗುರ ತಿರುಗಿಸಿದಳು, ಕಚ್ಚಿಗೆ ಹೆಬ್ಬೆರಳು ಸಿಕ್ಕಿ ನಿಂತಿತು. “ಉಸಿರು ಬಿಡು. ಗೋಡೆ ಥರ ಕೂತ್ಕೋಬೇಡ,” ಅಂದಳು. ಕ್ಲಿಕ್ ಅಂತು. ನಾನು ಹೇಳಿಕೊಟ್ಟಷ್ಟು ಸುತ್ತು ಬಾಯಲ್ಲೇ ಎಣಿಸುತ್ತ ಕೀಲಿ ತಿರುಗಿಸಿದಳು. ಮತ್ತೆ ದಾರ, ಮತ್ತೆ ಮೂಗು. ಮೂರನೆಯದಕ್ಕೆ ನನ್ನ ಕೈ ನಡುಗುವುದು ನಿಂತಿತ್ತು. ರೋಲು ಮುಗಿಯುವವರೆಗೂ ಅಕ್ಕ ನನ್ನ ಕಿವಿಯ ಕಡೆಗೇ ನೋಡುತ್ತಿದ್ದಳು, ನಾನು ಅವಳನ್ನೇ.

ಈಗ ತೊಳೆದಾಗಿದೆ. ರೋಲು ಇನ್ನೂ ಒದ್ದೆ, ದಾರಕ್ಕೆ ನೇತುಹಾಕಿದ್ದೇನೆ. ಅಕ್ಕ ಬಾಗಿಲಾಚೆ ನಿಂತಿದ್ದಾಳೆ. ವೃತ್ತ ಇಲ್ಲ. ಒಂದರಲ್ಲೂ ಇಲ್ಲ. ಲೂಪ್ ಇಟ್ಟು ನೋಡಿದೆ. ರೆಪ್ಪೆಯ ಕೂದಲು ಬಿಡಿಬಿಡಿಯಾಗಿ ಕಾಣುತ್ತಿದೆ. ಎಂಥ ಚಿತ್ರ! ನನ್ನ ಮುಖದಲ್ಲಿ ಇಂಥದ್ದೆಲ್ಲ ಇತ್ತೇ?

“ಬಂತಾ?”

“ಬಂತು ಅಕ್ಕಾ. ಶಾರ್ಪ್ ಬಂದಿದೆ.”

“ಸುಳ್ಳು.”

“ಅಪ್ಪನಾಣೆ!”

“ನಾನು ಪರೀಕ್ಷೆ ಮಾಡೋಕಾಗಲ್ಲ ಅಂತ ಏನು ಬೇಕಾದ್ರೂ ಹೇಳಬಹುದು ನೀನು. ನನಗೆ ಸಮಾಧಾನ ಮಾಡಬೇಡ ಇಲಿ.”

ಏನೆಂದು ನಂಬಿಸಲಿ? ಅವಳನ್ನು ನಾನು ನಂಬಲಿಲ್ಲ. ಈಗ ಅವಳಿಗೆ ನನ್ನ ಮಾತೊಂದೇ ಗತಿ, ಆ ಮಾತಿಗೇ ಬೆಲೆಯಿಲ್ಲ. ಯೋಚಿಸಿದೆ. ಕೊನೆಗೆ ಕೂಗಿ ಹೇಳಿದೆ, “ನನ್ನ ಮೀಸೆ ಕಾಣ್ತಿದೆ ಕಣೇ! ಮೇಲ್ದುಟಿ ಮೇಲೆ, ಒಂದೊಂದೂ ಕಾಣ್ತಿದೆ!”

ಬಾಗಿಲಿಗೆ ಅವಳ ಬೆರಳು ಬಡಿದ ಸದ್ದು. ಆಮೇಲೆ —

“ಎಷ್ಟು?”

“ಏನೆಷ್ಟು?”

“ಎಷ್ಟು ಕೂದಲು, ಎಣಿಸಿ ಹೇಳು. ಎಡಗಡೆಯಿಂದ ಶುರು ಮಾಡು. ಆಮೇಲೆ ನಾನು ಬೆರಳಲ್ಲಿ ಮುಟ್ಟಿ ನೋಡ್ತೀನಿ, ತಪ್ಪಿದ್ರೆ ಗೊತ್ತಾಗತ್ತೆ.” ಅವಳ ದನಿ ಒಡೆದಿತ್ತು, ನಗುವೋ ಅಳುವೋ ತಿಳಿಯಲಿಲ್ಲ.

ಲೂಪ್ ಹಿಡಿದಿದ್ದೇನೆ. ಎಣಿಕೆ ತಪ್ಪಬಾರದೆಂದು ಇಲ್ಲೇ ಬರೆದುಕೊಳ್ಳುತ್ತಿದ್ದೇನೆ. ಎಡತುದಿಯಿಂದ — ಒಂದು, ಎರಡು, ಮೂರು, ನಾಲ್ಕು, ಐದು... ಇದು ಜೋಡಿ... ಏಳು... “ಜೋರಾಗಿ ಹೇಳೇ” ಅನ್ನುತ್ತಿದ್ದಾಳೆ... ಎಂಟು, ಒಂಬತ್ತು...